ಅಕ್ರೋಟು ಮರದ ಕೆಳಗೆ ಕೇಳಿದ ಮಾತು

ಎರಡು ತಿಂಗಳ ಹಿಂದೆ ಒಂದು ಬೆಳಗ್ಗೆ ನಾನು ಕೊಲೆ ಮಾಡಲೆಂದು ಏಣಿ ಹತ್ತಿದೆ. ಮಾಡದೆ ಇಳಿದೆ. ಯಾಕೆ ಇಳಿದೆ ಎಂಬುದು ಸರಿಯಾಗಿ ಗೊತ್ತಾದದ್ದು ಮಾತ್ರ ಮೊನ್ನೆ ಭಾನುವಾರ.

(ಗಾಬರಿ ಬೇಡ. ಕೊಲ್ಲಬೇಕಾಗಿದ್ದದ್ದು ಹುಳುಗಳನ್ನು.)

ಬೆಟ್ಟದೂರು ಅರವಂಕಾಡಿನ ನಮ್ಮ ಹಿತ್ತಲಲ್ಲಿ ಒಂದು ಅಕ್ರೋಟು ಮರ ಇದೆ ಎಂದು ಹಿಂದೊಮ್ಮೆ ಬರೆದಿದ್ದೆ. ಮರ ಅನ್ನುವುದಕ್ಕಿಂತ ನನ್ನ ಹೆಂಡತಿ ಶಾರದೆಯ ಹಟ ಅನ್ನುವುದೇ ಸರಿ. ಮೈಸೂರು ಬಿಟ್ಟು ಈ ಚಳಿಗೆ ಬಂದ ವರ್ಷ ಯಾರೋ ಕೊಟ್ಟ ಅಕ್ರೋಟುಗಳಲ್ಲಿ ಒಂದನ್ನು ಒಡೆಯದೆ ಉಳಿಸಿ ನೆಟ್ಟಳು. ಹತ್ತು ವರ್ಷ ಅದು ಎಲೆ ಬಿಟ್ಟಿತು, ಎಲೆ ಉದುರಿಸಿತು, ಅಷ್ಟೆ. ಹೋದ ವರ್ಷ ಮೊದಲ ಸಲ ಕಾಯಿ ಕಚ್ಚಿತು. ಹುಳು ಬಿದ್ದು ಮರ ಬೋಳಾಯಿತು, ಕಾಯಿಗಳು ಬಟಾಣಿ ಗಾತ್ರದಲ್ಲೇ ಉದುರಿದವು. ಈ ವರ್ಷ ಹದಿನಾಲ್ಕು ಕಾಯಿ ನಿಂತಿವೆ. ಬೆಳಗಿನ ಕಾಫಿಗೆ ಮುಂಚೆ ಅವಳು ಹೋಗಿ ಎಣಿಸಿ ಬರುತ್ತಾಳೆ.

ಮತ್ತೆ ಅದೇ ಹುಳು ಬಂತು. ಹೆಬ್ಬೆರಳು ಗಾತ್ರ, ಹಸಿರು ಮೈ, ಮೈಮೇಲೆ ಅಲ್ಲಲ್ಲಿ ಕಿತ್ತಳೆ ಬಣ್ಣದ ಗಂಟು. ಎಲೆ ಯಾವುದು, ಹುಳು ಯಾವುದು ತಿಳಿಯದು. ಆದರೆ ಹಿಕ್ಕೆ ಒಣ ಎಲೆಗಳ ಮೇಲೆ ಬೀಳುವ ಟಪ್ ಟಪ್ ಸದ್ದು ಅಡುಗೆಮನೆಗೇ ಕೇಳುತ್ತಿತ್ತು.

"ಈ ಸಲವೂ ಬೋಳಾದರೆ ಮರವೇ ಹೋಗುತ್ತೆ," ಎಂದಳು ಶಾರದೆ. "ಮದ್ದಿನ ಕಾರ್ಖಾನೆಯಲ್ಲಿ ಕೆಲಸ ಮಾಡ್ತೀರಿ. ನಾಲ್ಕು ಹುಳುವಿಗೆ ಮದ್ದು ಗೊತ್ತಿಲ್ವೇ?"

ನಾನು ಅಲ್ಲಿ ಟೈಪಿಸ್ಟು. ನಮ್ಮ ಮದ್ದು ಫಿರಂಗಿಗೆ ಹೋಗುವಂಥದ್ದು. ಹೆಂಡತಿಗೆ ಇದನ್ನೆಲ್ಲ ಹೇಳಿ ಗೆದ್ದ ಗಂಡಸು ಯಾರಾದರೂ ಇದ್ದಾನೆಯೇ?

ಹೊಗೆಸೊಪ್ಪಿನ ಕಷಾಯ ಎರಚಿದೆ. ಮಳೆ ಬಂದು ತೊಳೆಯಿತು. ಸೀಮೆಎಣ್ಣೆಗೆ ಸೋಪು ಕದಡಿ ಹೊಡೆದೆ. ಹದ ತಪ್ಪಿ ಒಂದು ಕೊಂಬೆಯ ಎಲೆಗಳೇ ಸುಟ್ಟುಹೋದವು, ಹುಳುಗಳು ಪಕ್ಕದ ಕೊಂಬೆಗೆ ಟ್ರಾನ್ಸ್‌ಫರ್ ಮಾಡಿಸಿಕೊಂಡವು. ಕೊನೆಗೆ ಸೀಮೆಎಣ್ಣೆಯ ಡಬ್ಬಿ ಹಿಡಿದು ಏಣಿ ಹತ್ತಿದೆ. ಒಂದೊಂದಾಗಿ ಕಿತ್ತು ಅದರಲ್ಲಿ ಮುಳುಗಿಸಿಬಿಡುವುದು ಅಂತ.

ಅಷ್ಟರಲ್ಲಿ ಮಾದ ಗೌಡರು ಬಂದರು. ಮೇಲಿನ ಬಡಗರ ಹಟ್ಟಿಯವರು, ನಮಗೆ ಆಲೂಗೆಡ್ಡೆ ತಂದುಕೊಡುವವರು. ಬಡಗರಲ್ಲಿ ಒಂದು ಪದ್ಧತಿ: ಕಿರಿಯರು ಹಿರಿಯರ ಮುಂದೆ ತಲೆ ಬಾಗಿಸಬೇಕು, ಗಂಡಸಾದರೆ ಮುಂಡಾಸು ತೆಗೆದು. ಹಿರಿಯರು ತಲೆಯ ಮೇಲೆ ಕೈಯಿಟ್ಟು ಹರಸುತ್ತಾರೆ. ಶಾರದೆ ಇದನ್ನು ಹಟ್ಟಿಯ ಹೆಂಗಸರಿಂದ ಕಲಿತಿದ್ದಳು. (ನಾನು ಕಲಿತಿರಲಿಲ್ಲ. ಅದೇ ಎಡವಟ್ಟಾಯಿತು.) ಗೌಡರಿಗಿಂತ ಹಿರಿಯರು ಹಟ್ಟಿಯಲ್ಲಿ ಯಾರೂ ಉಳಿದಿಲ್ಲವಾದ್ದರಿಂದ ಅವರು ಮುಂಡಾಸು ತೆಗೆದದ್ದನ್ನು ನಾವು ನೋಡಿಯೇ ಇರಲಿಲ್ಲ.

ಶಾರದೆ ಏಣಿಯ ಬುಡದಲ್ಲಿದ್ದಳು. ನಾನು ಎಲೆಗಳ ನಡುವೆ ತಲೆ ಹುದುಗಿಸಿ ಮೊದಲ ಹುಳುವಿಗೆ ಕೈ ಹಾಕಿದ್ದೆ. ಕೆಳಗಿನಿಂದ ಆ ಗಂಭೀರ ದನಿ ಕೇಳಿತು:

"ಬದುಕು! ಬದುಕು!"

ಕೈ ಅಲ್ಲೇ ನಿಂತಿತು. ಎಂಬತ್ತರ ಮುದುಕರು, ಈ ಬೆಟ್ಟದ ಮಣ್ಣು ಬಲ್ಲವರು, ಹುಳುವಿನ ಪರವಾಗಿ ಅಪ್ಪಣೆ ಕೊಟ್ಟಮೇಲೆ ಕೊಲ್ಲುವುದು ಹೇಗೆ? ಇಳಿದುಬಂದೆ. ಅವರು ಆಗಲೇ ಗೆಡ್ಡೆಯ ಚೀಲ ಇಟ್ಟು ಹೊರಟಿದ್ದರು.

"ಕೊಲ್ಲುವುದು ಬೇಡ, ಸಾಗಿಸೋಣ," ಎಂದೆ. ಶಾರದೆ ನನ್ನನ್ನು ಕೆಕ್ಕರಿಸಿ ನೋಡಿದಳು. ಆದರೂ ಮೊರ ಹಿಡಿದು ನಿಂತಳು. ಬೇಲಿಯ ಪಕ್ಕದಲ್ಲಿ ಆಡು ಕೂಡ ಮೂಸದ ಹಣ್ಣು ಬಿಡುವ ಹಳೆಯ ಪೇರ್ ಮರ ಇತ್ತು. ಹುಳುಗಳನ್ನೆಲ್ಲ ಅದರ ಮೇಲೆ ಬಿಟ್ಟೆವು. ಪುಣ್ಯಕ್ಕೆ ಅವು ಅದನ್ನೂ ತಿಂದವು! ಅಕ್ರೋಟು ಉಳಿಯಿತು, ಹದಿನಾಲ್ಕೂ ಕಾಯಿ ಉಳಿದವು. ಒಂದು ಹುಳು ಮಾತ್ರ ಮೊರದ ಅಂಚಿನಲ್ಲೇ ಎಲೆ ಸುತ್ತಿಕೊಂಡು ಗೂಡು ಕಟ್ಟಿತು. ಅವಳು ಅದನ್ನು ಬುಟ್ಟಿಯಲ್ಲಿಟ್ಟು ಮರೆತಳು.

ಮೊನ್ನೆ ಭಾನುವಾರ ಮಧ್ಯಾಹ್ನ ಗೌಡರು ಜಗಲಿಯಲ್ಲಿ ಕೂತಿದ್ದರು. ಬುಟ್ಟಿ ಪರಪರ ಎಂದಿತು. ಗೂಡಿನ ತುದಿ ತೇವವಾಗಿ, ಅಲ್ಲಿಂದ ಒದ್ದೆ ಬಟ್ಟೆಯ ಮುದ್ದೆಯಂಥದ್ದೊಂದು ಹೊರಬಂದು ಬುಟ್ಟಿಯ ಅಂಚಿಗೆ ಜೋತುಬಿತ್ತು. ಮುದ್ದೆ ಮೆಲ್ಲಗೆ ಇಳಿಯಿತು, ಬಿಚ್ಚಿತು, ಇನ್ನೂ ಬಿಚ್ಚಿತು. ನನ್ನ ಅಂಗೈಗಿಂತ ಅಗಲದ ಪತಂಗ. ತಿಳಿಹಸಿರು ರೆಕ್ಕೆ, ಪ್ರತಿ ರೆಕ್ಕೆಯಲ್ಲೂ ಒಂದು ಪುಟ್ಟ ಚಂದ್ರ, ಹಿಂದೆ ಇಳಿಬಿದ್ದ ಎರಡು ಉದ್ದ ಬಾಲ. ಇದನ್ನೇ ಅಲ್ಲವೇ ನಾನು ಡಬ್ಬಿಯಲ್ಲಿ ಅದ್ದಲು ಹೊರಟಿದ್ದದ್ದು?

ಶಾರದೆ ಕಡ್ಡಿಯ ತುದಿಯಲ್ಲಿ ಜೇನು ತಂದು ಹಿಡಿದಳು. ಅದು ಮುಟ್ಟಲಿಲ್ಲ. ಬಗ್ಗಿ ನೋಡಿದಳು, ಮತ್ತೆ ನೋಡಿದಳು.

"ರೀ, ಇದಕ್ಕೆ ಬಾಯೇ ಇಲ್ಲ!"

ನಾನೂ ನೋಡಿದೆ. ನಿಜವಾಗಿ ಬಾಯಿ ಅನ್ನುವಂಥದ್ದೇ ಕಾಣಲಿಲ್ಲ. ಹೋದ ವರ್ಷ ಇಡೀ ಮರವನ್ನು ನುಂಗಿದ ಜಾತಿ!

"ನೀವು ಅವತ್ತು 'ಬದುಕು' ಅಂದಿರಲ್ಲ, ಅದಕ್ಕೇ ಉಳಿಯಿತು," ಎಂದೆ ಗೌಡರಿಗೆ.

"ನಾ? ಹುಳುಗ?" ಮುದುಕರು ಹಲ್ಲಿಲ್ಲದ ಬಾಯಿ ತೆರೆದು ನಕ್ಕು, ಶಾರದೆಯ ಕಡೆ ಕೈ ತೋರಿಸಿದರು. "ಇಲ್ಲೆ, ಇಲ್ಲೆ! ನಾ ಈ ಮಗುವುಗ ಹೇಳಿದೆ. ತಲೆ ಬಾಗಿತು, ಹರಸಿದೆ. ಹುಳುವಾ? ಎಂಗ ಹೊಲಗ ಬಂದರೆ ಕಾಲಡಿ ಹಾಕಿ ತೇಯುವೆ!"

ಶಾರದೆಗೆ ನಗು ತಡೆಯಲಾಗಲಿಲ್ಲ. ನನ್ನ ಮುಖ ಏನಾಗಿತ್ತೋ ನೀವೇ ಊಹಿಸಿಕೊಳ್ಳಿ. ಹರಸಿದ್ದು ಹೆಂಡತಿಯನ್ನು, ಪಾಲಿಸಿದವನು ಗಂಡ, ಬದುಕಿದ್ದು ಹುಳು.

ಆದರೆ ಗೌಡರು ಏಳಲಿಲ್ಲ. ಹೊಲದ ಕೆಲಸ ಬಿಟ್ಟು ಸಂಜೆಯವರೆಗೂ ಅದರ ಎದುರಿಗೇ ಕೂತರು. ಹೊತ್ತು ಮುಳುಗುವಾಗ ರೆಕ್ಕೆಗಳು ನಡುಗತೊಡಗಿದವು. ಅವರು ಎದ್ದು ನಿಂತು, ಎರಡೂ ಕೈಯಿಂದ ಮುಂಡಾಸು ತೆಗೆದು, ನರೆತ ತಲೆಯನ್ನು ಬಾಗಿಸಿದರು. ಅವರ ಮುಖದಲ್ಲಿ ನಗು ಇರಲಿಲ್ಲ.

ಅದು ಎದ್ದಿತು. ಅವರ ತಲೆಯ ಮೇಲೆ ಒಂದು ಸುತ್ತು ಬಂದು, ಬಾಲ ಆಡಿಸುತ್ತ ಹಿತ್ತಲ ಕಡೆ ತೇಲಿತು. ಹೋಗಿ ಕೂತದ್ದು ಎಲ್ಲಿ ಗೊತ್ತೇ? ಪೇರ್ ಮರದ ಮೇಲಲ್ಲ. ಅಕ್ರೋಟಿನ ಮೇಲೆ, ಹದಿನಾಲ್ಕು ಕಾಯಿಗಳ ನಡುವೆ.

ಅದು ಅಲ್ಲೇ ಮೊಟ್ಟೆ ಇಟ್ಟರೆ ಏನಾಗುತ್ತದೆಂದು ಮೂವರಿಗೂ ಗೊತ್ತಿತ್ತು. ನಾನು ಏಣಿಯ ಕಡೆ ನೋಡಿದೆ, ಆಮೇಲೆ ಶಾರದೆಯ ಕಡೆ. ಅವಳು ಮರದ ಹತ್ತಿರ ಹೋಗಿ ಕೈ ಎತ್ತಿ, ಗೌಡರ ಹಾಗೆಯೇ, "ಬದುಕು, ಬದುಕು" ಎಂದಳು.

ಮರಕ್ಕೋ, ಹುಳುವಿಗೋ?