ಚೀಟಿಯಲ್ಲಿ ಬೋಣಿ ಮಾಡದ ಪೂವಕ್ಕ

ಬೆಂಡೆಕಾಯಿಯ ತುದಿ ಮುರಿದು ನೋಡುವವರ ಕೈಗೆ ಸಂತೆಯ ಪೂವಕ್ಕ ಹರಿವೆ ಸೊಪ್ಪಿನ ಕಟ್ಟಿನಿಂದ ಬಾರಿಸುತ್ತಿದ್ದಳು. ತಮಾಷೆಗಲ್ಲ, ನಿಜವಾದ ಪೆಟ್ಟು, ಅದೂ ಬೇರಿನ ಮಣ್ಣಿನ ಸಮೇತ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಹಿಂದಿ ಕಲಿಸಿ, ಮಕ್ಕಳ ಅಂಗೈಗೆ ಬೆತ್ತ ಬೀಸಿ ನಿವೃತ್ತಳಾದ ನನ್ನ ಕೈಗೂ ಮೊದಲ ದಿನವೇ ಬಿತ್ತು. ಸುತ್ತ ಇದ್ದವರೆಲ್ಲ ನಕ್ಕರು. "ಮುರಿದದ್ದನ್ನು ತಕ್ಕೊಂಡು ಹೋಗ್ಲಿಕ್ಕೆ ನಿಮ್ಮ ಅಪ್ಪ ಬರ್ತಾರಾ ಟೀಚರೆ?" ಎಂದಳು. ನನ್ನ ಅಪ್ಪ ತೀರಿಹೋಗಿ ಇಪ್ಪತ್ತು ವರ್ಷವಾಗಿತ್ತು. ಆವತ್ತಿನಿಂದಲೇ ನನಗೆ ಅವಳನ್ನು ಕಂಡರೆ ಆಗದು.

ಎದುರಿಗೆ ನಾನು ಅವಳನ್ನು 'ನೀವು' ಎಂದೇ ಮಾತಾಡಿಸಿದ್ದು. ಮನಸ್ಸಿನೊಳಗೆ ಯಾವಾಗಲೂ 'ಅವಳು'. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ಸತ್ತವರ ಬಗ್ಗೆ ಹೀಗೆಲ್ಲ ಬರೆಯಬಾರದಂತೆ. ಬದುಕಿದ್ದಾಗ ಅವಳು ನನ್ನ ಬಗ್ಗೆ ಹೇಳಿದ್ದನ್ನು ಕೇಳಿಸಿಕೊಂಡವರು ಯಾರೂ ನನಗೆ ಈ ಬುದ್ಧಿ ಹೇಳಲಾರರು.

ಪುತ್ತೂರಿನಿಂದ ಕಡಬಕ್ಕೆ ಹೋಗುವ ದಾರಿಯಲ್ಲಿ ನಮ್ಮ ಊರು. ಭಾನುವಾರ ಇಲ್ಲಿ ರೈತರ ಸಂತೆ. ಘಟ್ಟದಿಂದ ಲಾರಿಯಲ್ಲಿ ಬರುವ ತರಕಾರಿಗೆ ಈ ಸಂತೆಯಲ್ಲಿ ಜಾಗವಿಲ್ಲ, ಬೆಳೆದವರೇ ತಂದು ಮಾರಬೇಕು. ಪೂವಕ್ಕ ಸುಳ್ಯದ ಆಚೆಯ ಯಾವುದೋ ಹಳ್ಳಿಯಿಂದ ಬೆಳಗಿನ ಮೊದಲ ಬಸ್ಸು ಹಿಡಿದು, ನಡುವೆ ಒಂದು ಬಸ್ಸು ಬದಲಿಸಿ, ಎರಡು ಗೋಣಿ ತುಂಬ ತರಕಾರಿ ಹೊತ್ತು ಬರುತ್ತಿದ್ದಳು. ಗಿಡ್ಡ ಆಳು. ಎತ್ತಿ ಕಟ್ಟಿದ ಸೀರೆ, ಅದರ ಮೇಲೆ ಗಂಡಸರ ತುಂಬುತೋಳಿನ ಅಂಗಿ, ತಲೆಗೆ ಸುತ್ತಿದ ಬೈರಾಸು. ತನ್ನ ಕಡೆಯವರ ಹತ್ತಿರ ಅರೆಭಾಷೆ, ಕೇರಳದಿಂದ ಬಂದು ನೆಲ್ಯಾಡಿಯಲ್ಲಿ ನೆಲೆಸಿದವರ ಹತ್ತಿರ ಮಲಯಾಳ, ನನ್ನ ಹತ್ತಿರ ಕನ್ನಡ, ಬೈಯುವಾಗ ಮಾತ್ರ ಯಾರ ಹತ್ತಿರವಾದರೂ ತುಳು. ನಾಲ್ಕು ಭಾಷೆಯಲ್ಲಿ ಒಂದರಲ್ಲಿಯೂ ಅವಳು ನಕ್ಕದ್ದನ್ನು ನಾನು ನೋಡಿಲ್ಲ.

ಅವಳ ತರಕಾರಿ ಮಾತ್ರ ಚಿನ್ನ. ಇದನ್ನು ಒಪ್ಪಿಕೊಳ್ಳಲು ನನಗೆ ಹೊಟ್ಟೆ ಉರಿಯುತ್ತದೆ. ಅಂಥ ಅಲಸಂಡೆ, ಅಂಥ ಬಸಳೆ ಆ ಸಂತೆಯಲ್ಲಿ ಬೇರೆ ಇರಲಿಲ್ಲ. ಉಳಿದವರು ಸೊಪ್ಪಿಗೆ ಗಳಿಗೆಗೊಮ್ಮೆ ನೀರು ಚಿಮುಕಿಸಿದರೆ ಇವಳು ಚಿಮುಕಿಸುತ್ತಿರಲಿಲ್ಲ. "ಬಾಡಿದ ಸೊಪ್ಪಿಗೆ ನೀರು ಹಾಕುದು ಅಂದ್ರೆ ಹೆಣಕ್ಕೆ ಪೌಡರ್ ಹಾಕಿದ ಹಾಗೆ," ಎಂದು ಪಕ್ಕದವರಿಗೆ ಕೇಳಿಸುವ ಹಾಗೆಯೇ ಹೇಳುವಳು. ಪಕ್ಕದವರ ವ್ಯಾಪಾರದ ಕತೆ ಅಲ್ಲಿಗೆ ಮುಗಿಯಿತು.

ನಮ್ಮ ಜಗಳ ಬೆಳೆದದ್ದು ಹಳದಿ ಚೀಟಿಯಿಂದ. ಅದಕ್ಕೆ ಕಾರಣ ಸುಮತಿ. ನಮ್ಮ ಮನೆಯ ಹಿಂದಿನ ಕಾಲನಿಯಲ್ಲಿರುವ ಸುಮತಿ ರಬ್ಬರ್ ತೋಟದಲ್ಲಿ ಟ್ಯಾಪಿಂಗ್ ಮಾಡುವವಳು, ಬೆಳ್ಳಂಬೆಳಿಗ್ಗೆ ಮರ ಕೆತ್ತಿ ಹಾಲು ಇಳಿಸುವ ಕೆಲಸ. ಗಂಡ ಇಲ್ಲ. ಮಗಳು ಏಳನೇ ಕ್ಲಾಸು. ಆ ಹುಡುಗಿ ಶಾಲೆಯಲ್ಲಿ ಪ್ರಾರ್ಥನೆಗೆ ನಿಂತಲ್ಲೇ ಎರಡು ಸಲ ತಲೆತಿರುಗಿ ಬಿದ್ದಳು. ರಕ್ತ ಕಡಿಮೆ ಇದೆ, ಸೊಪ್ಪು ತರಕಾರಿ ಚೆನ್ನಾಗಿ ಕೊಡಿ ಎಂದು ಸರ್ಕಾರಿ ಆಸ್ಪತ್ರೆಯಲ್ಲಿ ಹೇಳಿ ಕಳಿಸಿದರು. ಸೊಪ್ಪು ಕೊಡಿ ಎಂದವರು ಎಲ್ಲಿಂದ ತಂದು ಕೊಡಬೇಕೆಂದು ಹೇಳಲಿಲ್ಲ. ಅವರ ಮನೆಯಲ್ಲಿ ವಾರವಿಡೀ ಬಟಾಟೆ, ನೀರುಳ್ಳಿ, ಒಣಮೀನು. ಅದನ್ನು ನೋಡಿ ನಾವು ಊರಿನ ಕೆಲವರು ಒಂದು ಸಮಿತಿ ಮಾಡಿಕೊಂಡೆವು. ಬಡ ಮನೆಗಳಿಗೆ ವಾರಕ್ಕೊಂದು ಹಳದಿ ಚೀಟಿ. ಅದನ್ನು ಸಂತೆಯಲ್ಲಿ ಕೊಟ್ಟರೆ ತಾಜಾ ತರಕಾರಿ. ಸಂತೆ ಮುಗಿದ ಮೇಲೆ ಮಾರಿದವರು ಚೀಟಿಯನ್ನು ನನ್ನ ಮೇಜಿಗೆ ತಂದರೆ ಅವರಿಗೆ ದುಡ್ಡು.

ಚೀಟಿಯವರಿಗೆಂದೇ ಬೆಳಿಗ್ಗೆ ಏಳರಿಂದ ಎಂಟು ಗಂಟೆಯ ಹೊತ್ತನ್ನು ನಿಗದಿ ಮಾಡಿದವಳು ನಾನು. ಆ ಹೊತ್ತಿಗೆ ಬೇರೆ ಗಿರಾಕಿಗಳಿಗೆ ಪ್ರವೇಶವಿಲ್ಲ. ಬಡವರು ಯಾವಾಗಲೂ ಉಳಿದದ್ದನ್ನೇ ತಿನ್ನುವುದು, ಒಂದು ಸಲವಾದರೂ ಒಳ್ಳೆಯದು ಅವರಿಗೆ ಮೊದಲು ಸಿಗಲಿ ಎಂದು ಭಾಷಣ ಮಾಡಿದೆ. ಸಭೆಯಲ್ಲಿ ಚಪ್ಪಾಳೆ ಬಿತ್ತು. "ಬೇರೆ ಬೇರೆ ಟೈಮ್ ಇದ್ರೆ ನಮ್ಗೂ ಆರಾಮ, ನೂಕುನುಗ್ಗಲು ಇರುದಿಲ್ಲ," ಎಂದು ಡಾಕ್ಟರರ ಹೆಂಡತಿ ಹೇಳಿದರು. ಹೌದು ಹೌದು ಎಂದು ನಾನು ತಲೆಯಾಡಿಸಿದೆ.

ಮೊದಲ ಭಾನುವಾರ ಏಳು ಗಂಟೆಗೆ ಹತ್ತಿಪ್ಪತ್ತು ಹೆಂಗಸರು ಚೀಟಿ ಹಿಡಿದು ಬಂದರು. ಮುಂದೆ ಸುಮತಿ. ತರಕಾರಿ ಹರಡಿಕೊಂಡು ಕೂತವರು ಯಾರೂ ಅವರ ಮುಖ ನೋಡಲಿಲ್ಲ. ಒಬ್ಬ ತಕ್ಕಡಿ ಒರೆಸಿದ, ಇನ್ನೊಬ್ಬಳು ಗೋಣಿಯ ಹೊಲಿಗೆ ಬಿಚ್ಚುತ್ತ ಕೂತಳು. ಸುಮತಿ ಪೂವಕ್ಕನ ಮುಂದೆ ನಿಂತು ಚೀಟಿ ಚಾಚಿದಳು. ಪೂವಕ್ಕ ಎರಡೂ ಕೈಯನ್ನು ಕಂಕುಳಲ್ಲಿ ಇಟ್ಟುಕೊಂಡಳು.

"ಬೋಣಿ ಆಗ್ಲಿಲ್ಲ. ಕಡೆಗೆ ಬಾ," ಎಂದಳು.

ನಾನು ಮೇಜು ಬಿಟ್ಟು ಓಡಿದೆ. "ಎಂತ ಪೂವಕ್ಕ ಇದು? ಚೀಟಿ ಅಂದ್ರೆ ದುಡ್ಡೇ ಅಲ್ವಾ?"

"ದುಡ್ಡಾದ್ರೆ ಚೀಟಿ ನೀವೇ ಇಟ್ಕೊಳ್ಳಿ, ನಂಗೆ ದುಡ್ಡು ಕೊಡಿ. ಬೆಳಿಗ್ಗೆ ಬೆಳಿಗ್ಗೆ ಕಾಗದದಲ್ಲಿ ಬೋಣಿ ಮಾಡಿದ್ರೆ ಇಡೀ ದಿನ ಕಾಗದ ನೆಕ್ಕಿಕೊಂಡು ಕೂತ್ಕೊಳ್ಬೇಕು. ಇಲ್ಲಿ ಯಾರು ಮಾಡ್ತಾರೆ ಕೇಳಿ ನೋಡಿ."

ಯಾರೂ ಮಾಡುವವರಿರಲಿಲ್ಲ. ದಿನದ ಮೊದಲ ವ್ಯಾಪಾರ ಕೈಗೆ ಕಾಸು ಬಿದ್ದೇ ಆಗಬೇಕು ಎನ್ನುವುದು ಸಂತೆಯಲ್ಲಿ ಕೂತ ಮಕ್ಕಳಿಗೂ ಗೊತ್ತು. ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗಿರಾಕಿಗಳನ್ನೆಲ್ಲ ಎಂಟು ಗಂಟೆಯವರೆಗೆ ಹೊರಗೆ ನಿಲ್ಲಿಸಿದರೆ ಬೋಣಿ ಮಾಡುವವರು ಯಾರು ಎಂದು ಮಾತ್ರ ಹೊಳೆದಿರಲಿಲ್ಲ. ಆದರೆ ಹಾಗೆಂದು ಅವಳ ಮುಂದೆ ಒಪ್ಪಿಕೊಳ್ಳುವುದುಂಟೇ? ಮೂಢನಂಬಿಕೆ, ಕನಿಕರ ಇಲ್ಲದವರು ಎಂದೆಲ್ಲ ಬೊಬ್ಬೆ ಹಾಕಿದೆ. ಪೂವಕ್ಕ ಎದ್ದು ನಿಂತಳು.

"ಕನಿಕರದ ವಿಷಯ ನನ್ನತ್ರ ಮಾತಾಡ್ಬೇಡಿ ಟೀಚರೆ. ಅವರಿಗೆ ತಾಜಾ ಸಿಗ್ಲಿ ಅಂತ ಏಳು ಗಂಟೆ ಮಾಡಿದ್ದಲ್ಲ ನೀವು. ಕಡೆಗೆ ಬರುವ ನಿಮ್ಮ ದೊಡ್ಡ ಜನಕ್ಕೆ ಇವರ ಮೈ ತಾಗ್ಬಾರ್ದು ಅಂತ ಮಾಡಿದ್ದು. ಅಲ್ಲ ಅಂತ ಹೇಳಿ ನೋಡುವ!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನನ್ನದು ಅದೇ ಅವಸ್ಥೆ. ಡಾಕ್ಟರರ ಹೆಂಡತಿಯ ಮಾತಿಗೆ ತಲೆಯಾಡಿಸಿದ್ದು ನೆನಪಾಗಿ ಮುಖವೆಲ್ಲ ಬಿಸಿಯಾಯಿತು. ಅದರಿಂದ ಸಿಟ್ಟು ಇಮ್ಮಡಿಯಾಯಿತು. ಅಷ್ಟರಲ್ಲಿ ಸುಮತಿ ಚೀಟಿಯನ್ನು ಮಡಚಿ ರವಿಕೆಯೊಳಗೆ ಸಿಕ್ಕಿಸಿ ಹೊರಟುಬಿಟ್ಟಳು. ಅವಳ ಹಿಂದೆ ಉಳಿದವರೂ ಹೋದರು. ಖಾಲಿ ಚೀಲ ಹಿಡಿದು ಒಬ್ಬೊಬ್ಬರೇ ರಸ್ತೆ ದಾಟಿದ್ದನ್ನು ನಾನು ನೋಡುತ್ತ ನಿಂತೆ.

ಸೇಡು ತೀರಿಸಿಕೊಳ್ಳದೆ ಬಿಡುವ ಜಾತಿ ನಾನಲ್ಲ. ಸಂತೆ ನಡೆಸುವವರಿಗೆ ದೂರು ಕೊಟ್ಟು, ಬಾಗಿಲ ಬಳಿಯಿದ್ದ ಅವಳ ಜಾಗವನ್ನು ಕೊನೆಯ ಮೂಲೆಗೆ, ಚರಂಡಿಯ ಪಕ್ಕಕ್ಕೆ ಹಾಕಿಸಿದೆ. ಅಳುತ್ತಾಳೆ, ಕಾಲು ಹಿಡಿಯುತ್ತಾಳೆ ಎಂದುಕೊಂಡಿದ್ದೆ. ಅವಳು ಗೋಣಿ ಎತ್ತಿಕೊಂಡು ಹೋಗಿ ಕೂತಳು. ಕೂತಲ್ಲಿಂದ ಸಂತೆಯ ಈ ತುದಿಗೆ ಕೇಳುವ ಹಾಗೆ, "ಟೀಚರೆ, ನೀವು ದೂರದಿಂದ ನೋಡ್ಲಿಕ್ಕೆ ಚಂದ ಉಂಟು ಮಾರಾಯ್ರೆ!" ಎಂದಳು. ಆಮೇಲೆ ಪ್ರತಿ ಭಾನುವಾರವೂ ಅದೇ ಮಾತು.

ಏಳು ಗಂಟೆಗೆ ಈಗ ಯಾರೂ ಬರುತ್ತಿರಲಿಲ್ಲ. ಒಂದು ಗಂಟೆ ಒಬ್ಬಳೇ ಮೇಜಿನ ಮುಂದೆ ಕೂತು, ಎಂಟಕ್ಕೆ ಮನೆಗೆ ಹೋಗಿ, ಮಧ್ಯಾಹ್ನ ಮತ್ತೆ ಬರುತ್ತಿದ್ದೆ. ಆಶ್ಚರ್ಯವೆಂದರೆ ಮಧ್ಯಾಹ್ನ ನನ್ನ ಮೇಜಿಗೆ ಚೀಟಿಗಳು ಬರತೊಡಗಿದವು. ಎಲ್ಲವನ್ನೂ ತರುತ್ತಿದ್ದದ್ದು ಹಾಗಲಕಾಯಿ ಮಾರುವ ನೆಲ್ಯಾಡಿಯ ವರ್ಗೀಸಣ್ಣ. ಅವನೊಬ್ಬನಾದರೂ ಮನುಷ್ಯ ಇದ್ದಾನಲ್ಲ ಎಂದು ನನ್ನ ಕಣ್ಣು ತುಂಬಿತು. ಒಂದು ದಿನ ಸಂತೆಯ ನಡುವೆ ಅವನಿಗೆ ಶಾಲು ಹೊದಿಸಿ, "ಇವರನ್ನು ನೋಡಿ ಕೆಲವರು ಕಲಿಯಬೇಕು," ಎಂದು ಚರಂಡಿಯ ಕಡೆ ನೋಡಿಯೇ ಹೇಳಿದೆ. ವರ್ಗೀಸಣ್ಣ ನೆಲ ನೋಡುತ್ತ ನಿಂತಿದ್ದ. ನಾಚಿಕೆ ಸ್ವಭಾವ ಎಂದುಕೊಂಡೆ.

ಸುಮತಿಗೆ ಬೈಯಲೆಂದೇ ಒಂದು ಸಂಜೆ ಅವಳ ಮನೆಗೆ ಹೋದೆ. ನಿನಗೋಸ್ಕರ ಇಷ್ಟೆಲ್ಲ ಮಾಡಿದರೆ ನೀನೇ ಬರುವುದು ಬಿಟ್ಟೆಯಲ್ಲ ಎಂದು ಅಂಗಳದಲ್ಲಿ ನಿಂತೇ ಶುರು ಮಾಡಿದೆ. ಮಗಳು ಒಳಗಿನಿಂದ ಬಂದು ಕುರ್ಚಿ ಇಟ್ಟಳು. ಹುಡುಗಿಯ ಮುಖದಲ್ಲಿ ಕಳೆ ಬಂದಿತ್ತು.

"ಎಲ್ಲಿ ಬಿಟ್ಟದ್ದು ಟೀಚರೆ? ಪ್ರತಿ ವಾರ ಹೋಗ್ತೇನೆ, ಹತ್ತು ಗಂಟೆಗೆ," ಎಂದಳು ಸುಮತಿ. "ಏಳು ಗಂಟೆಗೆ ಟ್ಯಾಪಿಂಗ್ ಬಿಟ್ಟು ಹೇಗೆ ಬರುದು? ಮೊದಲ ದಿನ ಬೇರೆಯವ್ರ ಕೈಕಾಲು ಹಿಡಿದು ನನ್ನ ಮರ ಅವರಿಗೆ ವಹಿಸಿ ಬಂದದ್ದು. ನೀವು ಕೇಳ್ಲೇ ಇಲ್ಲ."

"ತರಕಾರಿ ವರ್ಗೀಸಣ್ಣನ ಹತ್ರವಾ?"

"ಬರೀ ಹಾಗಲಕಾಯಿ ತಿನ್ಲಿಕ್ಕೆ ಆಗ್ತದಾ? ಪೂವಕ್ಕನ ಹತ್ರ. ಚೀಟಿ ಅವರಿಗೇ ಕೊಡುದು. ನಿಮ್ಮ ಮೇಜಿನ ಹತ್ರ ಬರ್ಲಿಕ್ಕೆ ಅವರಿಗೆ ಮನಸ್ಸಿಲ್ಲ, ವರ್ಗೀಸಣ್ಣನತ್ರ ಕೊಟ್ಟು ಕಳಿಸುದು."

"ಅವರು ಚೀಟಿ ತೆಗೊಳ್ತಾರಾ?"

"ಬೋಣಿ ಆದ ಮೇಲೆ ಎಂತಕ್ಕೆ ತೆಗೊಳ್ಳುದಿಲ್ಲ?" ಸುಮತಿ ಬಾಯಿಗೆ ಸೆರಗು ಹಿಡಿದು ನಕ್ಕಳು. "ನಂಗೂ ಹೊಡೆದ್ರು ಗೊತ್ತುಂಟಾ? ಬೆಂಡೆಕಾಯಿ ಮುರಿದೆ ಅಂತ. ಪಕ್ಕದಲ್ಲಿ ಡಾಕ್ಟ್ರ ಹೆಂಡ್ತಿಗೂ ಬಿತ್ತು. ಒಂದೇ ಕಟ್ಟಿನಲ್ಲಿ!"

ಪೆಟ್ಟು ತಿಂದದ್ದನ್ನು ಅಷ್ಟು ಹೆಮ್ಮೆಯಿಂದ ಹೇಳುವವರನ್ನು ನಾನು ನೋಡಿರಲಿಲ್ಲ. ಕುರ್ಚಿಯಲ್ಲಿ ಕೂರದೆ ಹಿಂತಿರುಗಿ ಬಂದೆ. ನಾಚಿಕೆ ಆಯಿತೆ ಎಂದರೆ ಆಯಿತು. ಅದಕ್ಕಿಂತ ಹೆಚ್ಚು ಆದದ್ದು ಸಿಟ್ಟು. ಸರಿ ಇದ್ದವಳು ಅವಳೇ ಆಗಬೇಕಿತ್ತೇ?

ಏಳು ಗಂಟೆಯ ಕ್ರಮವನ್ನು ತೆಗೆಸಿಹಾಕಿದೆ. ಮುಂದಿನ ಭಾನುವಾರ ಹತ್ತಕ್ಕೆ ಚರಂಡಿಯ ಪಕ್ಕಕ್ಕೆ ಹೋದೆ. ಅಲ್ಲಿ ಜನವೋ ಜನ. "ಪೂವಕ್ಕ, ಒಂದು ಮಾತು," ಎಂದೆ. "ಮಾತಿಗೂ ಕ್ಯೂ ಉಂಟು," ಎಂದಳು, ತಲೆಯೆತ್ತದೆ. ಕ್ಯೂ ನಿಂತೆ. ನನ್ನ ಸರದಿ ಬಂದಾಗ, ನಿಮ್ಮ ಹಳೆಯ ಜಾಗಕ್ಕೆ ಬನ್ನಿ, ನನ್ನಿಂದ ತಪ್ಪಾಯ್ತು ಎಂದೆ. ಆ ಮಾತು ಹೊರಡಿಸಲು ನಾನು ಪಟ್ಟ ಕಷ್ಟ ನನಗೇ ಗೊತ್ತು.

"ಜಾಗ ಎಂತಕ್ಕೆ? ತರಕಾರಿ ಬೇಕಾದವರು ಇಲ್ಲಿಗೇ ಬರ್ತಾರೆ. ಮತ್ತೆ, ತಪ್ಪನ್ನು ನನ್ನತ್ರ ತಂದು ಹಾಕ್ಬೇಡಿ. ಆವತ್ತು ಖಾಲಿ ಚೀಲ ಹಿಡ್ಕೊಂಡು ಹೋದದ್ದು ನಾನಲ್ಲ. ಅಗೋ, ಅಲ್ಲಿ ನಿಂತಿದ್ದಾಳೆ, ಅವಳತ್ರ ಹೇಳಿ."

ಸುಮತಿ ನಾಲ್ಕು ಮಾರು ದೂರದಲ್ಲಿ ಅಲಸಂಡೆ ಚೀಲಕ್ಕೆ ತುಂಬಿಸುತ್ತಿದ್ದಳು. ಸುತ್ತ ನನ್ನ ಹಳೆಯ ವಿದ್ಯಾರ್ಥಿಗಳು, ಸಮಿತಿಯವರು, ಡಾಕ್ಟರರ ಹೆಂಡತಿ. ನಾನು ಮುಂದಿದ್ದ ಹರಿವೆ ಕಟ್ಟುಗಳನ್ನು ನೋಡತೊಡಗಿದೆ.

"ಹೇಳುದಿಲ್ಲ ಅಲ್ವಾ? ನಂಗೆ ಗೊತ್ತಿತ್ತು," ಎಂದಳು ಪೂವಕ್ಕ. "ಹರಿವೆ ಬೇಕಾ? ಇಲ್ಲದಿದ್ರೆ ಬದಿಗೆ ನಿಲ್ಲಿ, ಹಿಂದೆ ಜನ ಉಂಟು."

ಅದೇ ಕೊನೆ. ಎರಡು ಭಾನುವಾರ ಅವಳು ಬರಲಿಲ್ಲ. ಮೂರನೆಯ ಭಾನುವಾರ ವರ್ಗೀಸಣ್ಣ ಬಂದು, ಬಸಳೆ ಚಪ್ಪರದ ಕೆಳಗೆ ಕುಸಿದು ಬಿದ್ದವಳು ಮತ್ತೆ ಏಳಲಿಲ್ಲವಂತೆ ಎಂದ. ಕೇಳಿದ ಕೂಡಲೇ ನನಗಾದದ್ದು ನೆಮ್ಮದಿ. ಸುಳ್ಳು ಯಾಕೆ ಹೇಳಲಿ, ಇನ್ನು ಸಂತೆಯಲ್ಲಿ ತಲೆಯೆತ್ತಿ ನಡೆಯಬಹುದು ಎಂದು ಒಂದು ಗಳಿಗೆ ಹಾಯೆನಿಸಿತು. ಮನೆಗೆ ಬಂದು ಅಡುಗೆಗೆ ಕೂತಾಗ ಅಳು ಬಂತು. ಅಳುವಾಗಲೂ ಅವಳನ್ನು ಬೈದೆ.

ಚೀಟಿಯವರು ಈಗ ಎಲ್ಲರ ಹಾಗೆ ಎಲ್ಲರ ಹೊತ್ತಿಗೇ ಬರುತ್ತಾರೆ. ಕಳೆದ ಭಾನುವಾರ ಸುಮತಿ ಒಬ್ಬ ಹೊಸ ವ್ಯಾಪಾರಿಯ ಮುಂದೆ ನಿಂತಿದ್ದಳು. ಚೀಟಿ ನೋಡಿದ ಅವನು ಮುಂದಿದ್ದ ಒಳ್ಳೆಯ ಬಸಳೆ ಬಿಟ್ಟು, ಹಿಂದಿನಿಂದ ನಿನ್ನೆಯ ಕಟ್ಟೊಂದನ್ನು ಎಳೆದುಕೊಟ್ಟ. ಸುಮತಿ ಅದನ್ನು ಅವನ ಗೋಣಿಯ ಮೇಲೆ ಒಗೆದಳು. "ಇದನ್ನು ನಿನ್ನ ಮನೆಯಲ್ಲಿ ತಿಂತಾರಾ? ಮುಂದೆ ಇದ್ದದ್ದು ಕೊಡು!" ಅವನು ಏನೋ ಗೊಣಗಿದ. ನನಗೆ ರಕ್ತ ಕುದಿಯಿತು. ನಡುವೆ ನುಗ್ಗಿ, "ಏನಪ್ಪಾ, ಬಡವರು ಅಂದ್ರೆ ನಿನಗೆ..." ಎನ್ನುವಷ್ಟರಲ್ಲಿ ಸುಮತಿ ಕೈ ಅಡ್ಡ ಹಿಡಿದಳು.

"ನೀವು ಸುಮ್ನಿರಿ ಟೀಚರೆ. ನಾನು ಮಾತಾಡ್ತಾ ಇದ್ದೇನಲ್ಲ."

ಜನ ತಿರುಗಿ ನೋಡಿದರು. "ತಪ್ಪಾಯ್ತು ಸುಮತಿ," ಎಂದೆ. ಎಲ್ಲರಿಗೂ ಕೇಳಿಸುವಷ್ಟು ಗಟ್ಟಿಯಾಗಿಯೇ ಎಂದೆ. ಅವಳು ನನ್ನ ಕಡೆ ನೋಡಲಿಲ್ಲ. ಅವನು ಕಟ್ಟು ಬದಲಿಸುತ್ತಾನೋ ಇಲ್ಲವೋ ಎಂದು ಅವನ ಕೈಯನ್ನೇ ನೋಡುತ್ತಿದ್ದಳು.