ಫರ್ಹತಳ ಕರಿ ಬಟ್ಟೆ

ಶಹಾಪುರದ ಮಸ್ತಾನಬಿಯ ಮಗಳು ಫರ್ಹತ ಹೈದರಾಬಾದಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ ಎಂದರೆ ಓಣಿಯವರು ಮೆಚ್ಚಿ ತಲೆಯಾಡಿಸುತ್ತಾರೆ. ಯಾವುದರ ಮೇಲೆ ಎಂದು ಕೇಳಿ, ಕರಿ ಬಟ್ಟೆಯ ಮೇಲೆ ಎಂಬ ಉತ್ತರ ಬಂತೆಂದರೆ ತಲೆ ಆಡುವುದು ನಿಲ್ಲುತ್ತದೆ. ತಾಯಿ ಜಂಪರು ಹೊಲಿಯುವವಳು. ಮಗಳಾದರೂ ಬಟ್ಟೆ ಬಿಟ್ಟು ದೂರ ಹೋಗಲಿ ಎಂದಲ್ಲವೇ ಓದಿಸಿದ್ದು? ಆದರೆ ಫರ್ಹತ ಹೊಲಿಯುವುದಿಲ್ಲ. ಕಂಪ್ಯೂಟರಿನೊಳಗೆ ಒಂದು ಬಟ್ಟೆ, ಒಂದು ದೀಪ, ಒಂದು ಕಣ್ಣು ಇಟ್ಟು, ದೀಪದ ಬೆಳಕು ಎಳೆಗಳ ನಡುವೆ ಹೇಗೆ ಓಡಾಡಿ ಕಣ್ಣಿಗೆ ಬರುತ್ತದೆ ಎಂದು ಲೆಕ್ಕ ಹಾಕುತ್ತಾಳೆ. ಲೆಕ್ಕ ಸರಿಯಾದರೆ ಪರದೆಯ ಮೇಲಿನ ಬಟ್ಟೆಯನ್ನು ಮುಟ್ಟಬೇಕೆನಿಸುತ್ತದೆ. ತಪ್ಪಿದರೆ ಡಾಂಬರು ಬಳಿದ ಹಾಗೆ ಕಾಣುತ್ತದೆ.

ಈ ಹುಚ್ಚು ಹತ್ತಿದ್ದು ಸುರಪುರದಲ್ಲಿ. ಅಲ್ಲಿ ಅವಳ ಸೋದರಮಾವ ಗಯಾಸನ ಫೋಟೊ ಸ್ಟುಡಿಯೊ ಇದೆ. ಹೈಸ್ಕೂಲಿನ ರಜೆಯಲ್ಲಿ ಹೋದವಳು ಒಂದು ಮದುವೆ ಫೋಟೊ ನೋಡಿದಳು. ಮದುಮಗನ ಕರಿ ಶೇರ್ವಾನಿ ಇರಬೇಕಾದಲ್ಲಿ ಫೋಟೊಗೆ ತೂತು ಬಿದ್ದ ಹಾಗಿತ್ತು.

"ಮಾಮು, ಇದರಾಗಿನ ಮಡಿಕಿ ಎಲ್ಲಿ ಹೋದ್ವು?" ಎಂದು ಕೇಳಿದಳು.

ಗಯಾಸ ಕಂಪ್ಯೂಟರಿನಲ್ಲಿ ಫೋಟೊದ ಬೆಳಕು ಏರಿಸಿದ. ಕರಿ ಹೋಗಿ ಬೂದಿ ಬಣ್ಣವಾಯಿತೇ ಹೊರತು ಮಡಿಕೆ ಬರಲಿಲ್ಲ. "ಕರಿ ಅಂದ್ರ ಕರಿನ ಬೇಟಿ. ಅದರಾಗ ಏನು ಹುಡಕ್ತಿ?" ಎಂದ.

ಅವಳು ಹುಡುಕುತ್ತಲೇ ಹೋದಳು. ಶಹಾಪುರದಲ್ಲಿ ಪಿಯುಸಿ ವಿಜ್ಞಾನ, ಕಲಬುರಗಿಯಲ್ಲಿ ಎಂಜಿನಿಯರಿಂಗ್. ಕೊನೆಯ ವರ್ಷದ ಪ್ರಾಜೆಕ್ಟಿಗೆ ಗೆಳತಿಯರೆಲ್ಲ ಹಾಜರಿ ಹಾಕುವ ಆ್ಯಪ್ ಮಾಡಿದರೆ, ಇವಳು ಪರದೆಯ ಮೇಲೆ ಹಗ್ಗ ಕಟ್ಟಿ ಒಂದು ಟವೆಲ್ ನೇತುಹಾಕಿದಳು. ಪರೀಕ್ಷಕರು ನಕ್ಕರು, ಆದರೆ ಅಂಕ ಕೊಟ್ಟರು. ಮುಂದೆ ಹೈದರಾಬಾದಿನಲ್ಲಿ ಎಂ.ಟೆಕ್., ಅದರ ಬೆನ್ನಿಗೇ ಸಂಶೋಧನೆ.

ಎರಡನೆಯ ವರ್ಷದಲ್ಲಿ ಬಂಡಿ ಹೂತುಕೊಂಡಿತು. ಹೊಸ ಕರಿ ಹತ್ತಿ ಬಟ್ಟೆಯನ್ನು ಓರೆ ಬೆಳಕಿಗೆ ಹಿಡಿದರೆ ತೆಳುವಾದ ಹೊಳಪು ಬರುತ್ತದೆಂದು ಬೇರೆ ಪ್ರಯೋಗಾಲಯದವರು ಅಳೆದು ಪ್ರಕಟಿಸಿದ್ದರು. ಅವಳ ಪ್ರೋಗ್ರಾಂ ಕೂಡ ಹಾಗೇ ಹೇಳುತ್ತಿತ್ತು. ಅವಳು ಸ್ವತಃ ಅಳೆದ ತುಂಡು ಮಾತ್ರ ಮಂಕಾಗಿಯೇ ಇತ್ತು. ಆ ತುಂಡನ್ನು ಮಸ್ತಾನಬಿ ಶಹಾಪುರದ ಪೇಟೆಯಲ್ಲಿ ಹೊಸದಾಗಿ ಕೊಂಡು ಕೊಟ್ಟಿದ್ದಳು. ಬಟ್ಟೆಯ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಫರ್ಹತ ಪ್ರೋಗ್ರಾಮನ್ನು ಬಿಚ್ಚಿದಳು, ಕಟ್ಟಿದಳು, ಮತ್ತೆ ಬಿಚ್ಚಿದಳು. ಕ್ಯಾಮೆರಾ ಬದಲಿಸಿದಳು, ದೀಪ ಬದಲಿಸಿದಳು. ಹೀಗೆ ಒಂದು ವರ್ಷ ಹೋಯಿತು.

ಮಾರ್ಗದರ್ಶಕಿ ಸುಮಲತಾ ಮೇಡಂ ಮೈಸೂರಿನವರು, ಗದರಿಸುವವರಲ್ಲ. "ದಸರಾ ಆದ ಮೇಲೆ ಸಮಿತಿ ಸೇರುತ್ತೆ. ಅಷ್ಟರಲ್ಲಿ ಕಾರಣ ಸಿಗದಿದ್ರೆ ಈ ವಿಷಯ ಬಿಟ್ಟುಬಿಡೋಣಮ್ಮ. ಆಸ್ಪತ್ರೆಯ ಸ್ಕ್ಯಾನ್ ಚಿತ್ರಗಳ ಕೆಲಸ ಇದೆ, ಅದಕ್ಕೆ ಸೇರ್ಕೋ" ಎಂದರು.

ಮನೆಗೆ ಅವಳು ಇದೊಂದನ್ನೂ ಹೇಳಿರಲಿಲ್ಲ. ಅಮ್ಮಿ ಫೋನಿನಲ್ಲಿ ಕೇಳಿದಾಗಲೆಲ್ಲ ಎಲ್ಲ ಚೆನ್ನಾಗಿದೆ ಎನ್ನುತ್ತಿದ್ದಳು. ಹೇಳಿದರೆ ಅವಳಿಗೇನು ತಿಳಿದೀತು ಎಂಬ ಲೆಕ್ಕ. ದಸರಾ ರಜೆಗೆ ಯಾದಗಿರಿಯಲ್ಲಿ ರೈಲಿಳಿದು ಬಸ್ಸು ಹಿಡಿದಾಗಲೂ ಮುಖಕ್ಕೆ ನಗು ಅಂಟಿಸಿಕೊಂಡೇ ಬಂದಳು.

ಮರುದಿನ ಪಕ್ಕದ ಮನೆಯ ಭೀಮಾಬಾಯಿ ಜಂಪರಿಗೆಂದು ಕರಿ ಬಟ್ಟೆ ತಂದಳು. ಮಸ್ತಾನಬಿ ಅಳತೆಯ ಟೇಪನ್ನು ಮುಟ್ಟುವ ಮೊದಲೇ ಬಟ್ಟೆಯನ್ನು ಬಕೆಟ್ಟಿನ ನೀರಿಗೆ ಅದ್ದಿದಳು. ಫರ್ಹತ ಹುಟ್ಟಿದಾಗಿನಿಂದ ಇದನ್ನು ನೋಡಿದವಳು. ದಿನಾ ನೋಡಿ ನೋಡಿ ಕಾಣದಂತಾಗಿತ್ತು. ಆ ದಿನ ಮಾತ್ರ ಕಂಡಿತು. ತಾಯಿ ಮಗಳು ದಖ್ನಿ, ಕನ್ನಡ ಎರಡನ್ನೂ ಬೆರೆಸಿ ಮಾತಾಡುವವರು, ಆದರೆ ಭೀಮಾಬಾಯಿ ಎದುರಿಗಿದ್ದುದರಿಂದ ಕನ್ನಡದಲ್ಲೇ ಕೇಳಿದಳು.

"ಅಮ್ಮಿ, ನನಗ ಕೊಟ್ಟ ಕರಿ ಬಟ್ಟಿನೂ ಹಿಂಗ ನೀರಿಗೆ ಹಾಕಿದ್ದೇನು?"

"ಮತ್ತ? ಎರಡು ಸಲ ಹಾಕೀನಿ. ನೀರು ಕಾಣದ ಕೋರಾ ಬಟ್ಟಿ ನಮ್ಮ ಮನಿಯಿಂದ ಯಾರಿಗಾದ್ರೂ ಕೊಟ್ಟೇವೇನು? ಗಂಜಿ ಹೋಗ್ಬೇಕು, ಗಿಡ್ಡಾಗೂದಿದ್ರ ಮೊದ್ಲ ಗಿಡ್ಡಾಗ್ಬೇಕು. ನೀ ಅಂತೂ ಹೊಟ್ಟಿ ಮಗಳು."

ಫರ್ಹತ ನಗತೊಡಗಿದಳು, ನಗುತ್ತಲೇ ಕಣ್ಣು ತುಂಬಿಕೊಂಡಳು. ಆ ಹೊಳಪು ಗಂಜಿಯದು; ಬೇರೆಯವರು ಅಳೆದದ್ದು ಗಂಜಿ ಹೊತ್ತ ಬಟ್ಟೆಯನ್ನು, ತಾನು ಅಳೆದದ್ದು ಗಂಜಿ ಬಿಟ್ಟ ಬಟ್ಟೆಯನ್ನು! ಸಂತೋಷದ ಭರದಲ್ಲಿ ವರ್ಷದ ಪಾಡನ್ನೆಲ್ಲ ಹೇಳಿಬಿಟ್ಟಳು. ಭೀಮಾಬಾಯಿಗೆ ತಲೆಬುಡ ತಿಳಿಯಲಿಲ್ಲ. ಮಸ್ತಾನಬಿಗೆ ತಿಳಿದದ್ದು ಒಂದೇ.

"ಅಂದ್ರ ನಿನ್ನ ಒಂದು ವರ್ಷ ನಾನ ಹಾಳು ಮಾಡ್ದೆ" ಎಂದಳು. ಅಲ್ಲ ಎಂದು ಎಷ್ಟು ಹೇಳಿದರೂ ಆ ದಿನ ಅವಳು ಹೊಲಿಗೆಗೆ ಕೂರಲಿಲ್ಲ.

ಫರ್ಹತ ಪೇಟೆಗೆ ಹೋಗಿ ಒಂದೇ ಥಾನಿನಿಂದ ಬಟ್ಟೆ ಹರಿಸಿ ತಂದು ಎರಡು ತುಂಡು ಮಾಡಿದಳು. ಒಂದನ್ನು ತಾನೇ ನೀರಿಗೆ ಹಾಕಿ ನೆರಳಲ್ಲಿ ಒಣಗಿಸಿದಳು. ಹೈದರಾಬಾದಿಗೆ ಹೋಗಿ ಅಳೆದಾಗ ಕೋರಾ ತುಂಡು ಹೊಳೆಯಿತು, ಇನ್ನೊಂದು ಮಂಕಾಯಿತು. ಪ್ರೋಗ್ರಾಮಿನಲ್ಲಿ ತಪ್ಪಿರಲಿಲ್ಲ.

ಸಮಿತಿಯ ಒಬ್ಬರು ಸಮಾಧಾನದಿಂದ ಫೈಲು ಮುಚ್ಚಿದರು. "ತೊಳೆದ ತುಂಡನ್ನು ತೆಗೆದುಹಾಕಿ. ಉಳಿದದ್ದು ಸರಿಯಾಗಿದೆ, ಮುಂದುವರಿಸಬಹುದು."

ಅಷ್ಟಕ್ಕೆ ಹೂಂ ಎಂದಿದ್ದರೆ ಗೆದ್ದ ಹಾಗೇ. ಆದರೂ ಅವಳಿಗೆ ಸುಮ್ಮನಿರಲಾಗಲಿಲ್ಲ. "ಸರ್, ಹೊಳಪಿರುವ ಬಟ್ಟೆ ಅಂಗಡಿಯಲ್ಲಿ ಮಾತ್ರ ಇರುತ್ತದೆ. ಜನ ಉಡುವುದು ಈ ಮಂಕು ಬಟ್ಟೆಯನ್ನು. ಒಂದೊಂದು ನೀರಿಗೂ ಕರಿ ಹೇಗೆ ಬದಲಾಗುತ್ತದೆ ಅಂತ ನನಗೆ ನೋಡಬೇಕಾಗಿದೆ" ಎಂದಳು.

ಸುಮಲತಾ ಮೇಡಂ ತಮ್ಮ ಹಳೆಯ ಕರಿ ಸೆರಗನ್ನು ಕಿಟಕಿಯ ಕಡೆ ಹಿಡಿದು ನೋಡಿದರು. "ಅದನ್ನೇ ಮಾಡು" ಎಂದರು.

ಫರ್ಹತ ಹೊರಗೆ ಬಂದವಳೇ ಮನೆಗೆ ಫೋನು ಹಚ್ಚಿದಳು. "ಅಮ್ಮಿ, ವಿಷಯ ಉಳೀತು. ಇನ್ನ ಕರಿ ಬಟ್ಟಿ ತೊಳದು ತೊಳದು ಕಳಸ್ಬೇಕು, ಬಣ್ಣ ಹೋಗೂತನಕ. ನೀನ ತೊಳೀಬೇಕು."



"ತೊಳೀತೀನಿ," ಎಂದಳು ಮಸ್ತಾನಬಿ. "ಆದ್ರ ಈ ಸಲ ಏನರ ಕೆಟ್ರ ಮೊದ್ಲ ನನಗ ಹೇಳು. ವರ್ಷಗಟ್ಲೆ ಒಬ್ಬಾಕಿನ ಅಳಕೋತ ಕೂಡಬ್ಯಾಡ."