ಕೊನೆಯ ಬಸ್ಸಿನ ಮುಂದೆ ನನ್ನ ಸೊಸೆ

ನನ್ನ ಸೊಸೆಯಂಥ ಮೊಂಡಿಯನ್ನು ನಾನು ಕಂಡಿಲ್ಲ. ಒಂದೇ ಅಡುಗೆಮನೆಯಲ್ಲಿ ಇಷ್ಟು ವರ್ಷ ಅವಳ ಜೊತೆ ಏಗಿದವಳು ನಾನು, ನನಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು? ಸಿಟಿ ಬಸ್ ಓಡಿಸುತ್ತೇನೆ ಎಂದು ಹಟ ಹಿಡಿದು ಕೆಲಸಕ್ಕೆ ಸೇರಿದವಳು. ಆ ದೊಡ್ಡ ಸ್ಟೇರಿಂಗ್ ಹಿಡಿದು ನಮ್ಮ ಬೀದಿಯ ತಿರುವನ್ನು ಅವಳು ದಾಟಿಸುವುದನ್ನು ನೋಡಲು ನಾನು ಬೇಕೆಂದೇ ಅಂಗಡಿಗೆ ಹೋಗುತ್ತಿದ್ದೆ.

ಕಳೆದ ವರ್ಷ ಡ್ರೈವರುಗಳ ಆರೋಗ್ಯ ತಪಾಸಣೆಯಲ್ಲಿ ಅವಳಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ತೂಕ ಬೇರೆ ಏರಿತ್ತು. ಡಿಪೋದವರು ಸ್ಟೇರಿಂಗ್ ಬಿಡಿಸಿ ಗೇಟಿನಲ್ಲಿ ನಿಲ್ಲಿಸಿದರು: ಹೋಗುವ ಬರುವ ಬಸ್ಸುಗಳಿಗೆ ಸರಪಳಿ ಎತ್ತಿ ಇಳಿಸುವ ಕೆಲಸ. ಬೇರೆಯವರಾಗಿದ್ದರೆ ಸದ್ಯ ಆರಾಮಾಯಿತು ಎನ್ನುತ್ತಿದ್ದರು. ಇವಳು ಮನೆಗೆ ಬಂದವಳೇ ಬಚ್ಚಲಿನ ನಲ್ಲಿ ತಿರುಗಿಸಿಟ್ಟು ಅತ್ತಳು. ನೀರಿನ ಸದ್ದಿಗೆ ನನಗೆ ಕೇಳುವುದಿಲ್ಲ ಎಂದುಕೊಂಡಿದ್ದಳು, ಪಾಪ. ನನ್ನ ಕಿವಿಗೇನು ದಾಡಿ, ಎಲ್ಲ ಕೇಳಿಸಿತು.

ಡಾಕ್ಟರು ನಡೆಯಲು ಹೇಳಿದ್ದರು. ಇವಳು ನಡೆದಳು, ಆಮೇಲೆ ಓಡಲು ಶುರುಮಾಡಿದಳು. ಬೆಳಗಾಗುವ ಹೊತ್ತಿಗೆ ಎದ್ದು ತಾನು ಬಸ್ ಓಡಿಸುತ್ತಿದ್ದ ರಸ್ತೆಯಲ್ಲೇ ಓಡುತ್ತಿದ್ದಳು. ಬೇರೆ ದಾರಿ ಅವಳ ಕಾಲಿಗೆ ಹಿಡಿಸಲಿಲ್ಲ. ಅದೇ ರಸ್ತೆಯಲ್ಲಿ ಹಾಫ್ ಮ್ಯಾರಥಾನ್ ನಡೆಯುತ್ತದೆ, ಇಪ್ಪತ್ತೊಂದು ಕಿಲೋಮೀಟರ್ ಓಟ ಎಂದು ತಿಳಿದದ್ದೇ ತಡ, ಹೆಸರು ಕೊಟ್ಟೇಬಿಟ್ಟಳು.

"ನಿನಗೇನು ತಲೆ ಕೆಟ್ಟಿದೆಯೇನೆ?" ಎಂದೆ.

"ಡಾಕ್ಟ್ರು ನೋಡಿದಾರೆ ಅತ್ತೆ, ತಲೆ ಒಂದು ಸರಿಯಾಗಿದೆಯಂತೆ."

ಈ ಓಟದಲ್ಲಿ ಒಂದು ನಿಯಮವಿದೆ. ಎಲ್ಲರ ಹಿಂದೆ ಒಂದು ಬಸ್ಸು ನಿಧಾನಕ್ಕೆ ಬರುತ್ತದೆ. ಅದು ಯಾರನ್ನು ದಾಟುತ್ತದೋ ಅವರ ಓಟ ಅಲ್ಲಿಗೆ ಮುಗಿಯಿತು, ತೆಪ್ಪಗೆ ಹತ್ತಿ ಕೂರಬೇಕು. ಬಸ್ಸು ಇವಳ ಡಿಪೋದ್ದೇ. ಓಡಿಸುವವನು ಇವಳ ಜೊತೆಯಲ್ಲೇ ಕೆಲಸಕ್ಕೆ ಸೇರಿದ ಡ್ರೈವರ್. ಎಲ್ಲರೂ ಅವನನ್ನು ಮೀಸೆ ಎಂದೇ ಕರೆಯುತ್ತಾರೆ. ಬಿಡುತ್ತಾರೆಯೇ ಡಿಪೋದವರು? ಎಲ್ಲರೂ ಸೇರಿ ಇವಳ ಕಾಲೆಳೆದರು.

"ಅಕ್ಕಾ, ಕಿಟಕಿ ಪಕ್ಕದ ಸೀಟು ನಿನಗೇ ಇಟ್ಟಿರ್ತೀನಿ" ಎಂದನಂತೆ ಮೀಸೆ.

ಇವಳಿಗೆ ರೇಗಿತು. "ಆ ಬಸ್ ಹತ್ತಿದ್ರೆ ನಾನು ಮತ್ತೆ ಸ್ಟೇರಿಂಗ್ ಕೇಳೋದೇ ಇಲ್ಲ. ರಿಟೈರ್ ಆಗೋವರೆಗೂ ಇದೇ ಸರಪಳಿ ಎಳೀತೀನಿ" ಎಂದು ಎಲ್ಲರೆದುರು ಹೇಳಿ ಬಂದಳು. ಆಡಿದ ಮಾತನ್ನು ಅವಳು ಹಿಂದಕ್ಕೆ ತೆಗೆದುಕೊಂಡದ್ದೇ ಇಲ್ಲ.

ಓಟದ ದಿನ ಮೀಸೆ ನನ್ನನ್ನು ಅದೇ ಬಸ್ಸಿನ ಮುಂದಿನ ಸೀಟಿನಲ್ಲಿ ಕೂರಿಸಿದ. ಅರ್ಧ ದಾರಿಯಾಗುವಷ್ಟರಲ್ಲಿ ಹಲವರು ಹತ್ತಿದ್ದರು. ಒಬ್ಬ ಸ್ಕೂಲ್ ಟೀಚರಮ್ಮ ಬಂದು ನನ್ನ ಪಕ್ಕ ಕೂತು ಶೂ ಬಿಚ್ಚಿದಳು. ನನ್ನ ಕಣ್ಣೆಲ್ಲ ಗಾಜಿನಾಚೆ, ಮುಂದೆ ಓಡುತ್ತಿದ್ದ ಸೊಸೆಯ ಬೆನ್ನಿನ ಮೇಲೆ.

ಚೆನ್ನಾಗಿಯೇ ಓಡುತ್ತಿದ್ದಳು. ಆದರೆ ಬಸ್ ಸ್ಟಾಪ್ ಬಂತೆಂದರೆ ಸಾಕು, ಹೆಜ್ಜೆ ನಿಧಾನವಾಗುವುದು, ರಸ್ತೆಯ ಅಂಚಿಗೆ ಸರಿಯುವುದು, ಒಂದು ಕ್ಷಣ ನಿಂತು ಹಿಂದೆ ನೋಡುವುದು, ಆಮೇಲೆ ಹೊರಡುವುದು. ಅಯ್ಯೋ ದೇವರೇ! ಅಭ್ಯಾಸಬಲ. ಸ್ಟಾಪಿನಲ್ಲಿ ನಿಂತಿದ್ದವರು ಚಪ್ಪಾಳೆ ತಟ್ಟಿ ನಗುತ್ತಿದ್ದರು.

"ರೈಟ್ ರೈಟ್ ಅನ್ನೋಕೆ ಒಬ್ಬ ಕಂಡಕ್ಟರ್ ಬೇಕಿತ್ತಮ್ಮ" ಎಂದು ಮೀಸೆಯೂ ನಕ್ಕ. ನನಗೆ ನಗು ಬರಲಿಲ್ಲ. ಒಂದೊಂದು ಸ್ಟಾಪಿಗೂ ನಮ್ಮ ಬಸ್ಸು ಅವಳಿಗೆ ಹತ್ತಿರವಾಗುತ್ತಿತ್ತು.

ಕೊನೆಯಲ್ಲಿ ಒಂದು ಮೇಲ್ಸೇತುವೆ. ಅದರ ಮೇಲೆ ಸ್ಟಾಪ್ ಇಲ್ಲ, ಪುಣ್ಯಕ್ಕೆ. ಆದರೆ ಏರು ಶುರುವಾದಲ್ಲೇ ಅವಳ ಮೀನಖಂಡ ಹಿಡಿದುಕೊಂಡಿತು. ಕುಂಟತೊಡಗಿದಳು. ಬಸ್ಸು ಇನ್ನೇನು ಮುಟ್ಟಿತು ಎನ್ನುವಷ್ಟು ಹತ್ತಿರ ಬಂದಿತ್ತು.

"ನಿನ್ನ ದಮ್ಮಯ್ಯ ಕಣೋ, ಸ್ವಲ್ಪ ನಿಧಾನಕ್ಕೆ ಹೋಗಪ್ಪ" ಎಂದು ಮೀಸೆಯ ಕಿವಿಯಲ್ಲಿ ಹೇಳಿದೆ. ಅವನು ಎರಡನೇ ಗೇರಿನಲ್ಲಿ ತೆವಳುತ್ತಿದ್ದ ಬಸ್ಸನ್ನು ಮೆಲ್ಲಗೆ ಒಂದನೇ ಗೇರಿಗೆ ಇಳಿಸಿದ.

ಸೊಸೆ ಗಕ್ಕನೆ ತಿರುಗಿದಳು. ಮುಖ ಕೆಂಡವಾಗಿತ್ತು.

"ಏಯ್ ಮೀಸೆ! ಗೇರ್ ಯಾಕೋ ಇಳಿಸ್ದೆ? ನನಗೆ ಭಿಕ್ಷೆ ಹಾಕ್ತೀಯೇನೋ? ಹಾಕು ಎರಡನೇ ಗೇರು!"

ಸೇತುವೆಯ ಆ ತುದಿಗೂ ಕೇಳಿಸಿರಬೇಕು. ಮೀಸೆ ಪೆಚ್ಚಾಗಿ ನನ್ನ ಕಡೆ ನೋಡಿದ. "ಸದ್ದಲ್ಲೇ ಹಿಡಿದುಬಿಟ್ಳಮ್ಮ" ಎಂದವನೇ ಎರಡನೇ ಗೇರು ಹಾಕಿದ. ಬಸ್ಸು ಮತ್ತೆ ಮೊದಲಿನಂತೆಯೇ ಅವಳ ಬೆನ್ನು ಹತ್ತಿತು. ಅವಳು ಹಲ್ಲು ಕಚ್ಚಿ ಓಡಿದಳು. ಕುಂಟುತ್ತಲೇ ಓಡಿದಳು. ನಾನು ಸೀಟಿನಲ್ಲಿ ಕೂರಲಾರದೆ ಎದ್ದು ನಿಂತು, ಕಿಟಕಿಯಿಂದ ಕತ್ತು ಹೊರಹಾಕಿ ಅರಚಿದೆ: "ಓಡೇ! ಓಡೇ ನನ್ನ ತಾಯಿ!" ಬಸ್ಸಿನಲ್ಲಿದ್ದವರೆಲ್ಲ ನನ್ನ ಜೊತೆ ದನಿಗೂಡಿಸಿದರು.

ಇಳಿಜಾರಿನಲ್ಲಿ ಅವಳಿಗೆ ಮತ್ತೆ ಕಾಲು ಬಂತು. ಬಸ್ಸಿಗಿಂತ ನಾಲ್ಕು ಮಾರು ಮುಂದೆ ಗೆರೆ ದಾಟಿ, ಅಲ್ಲೇ ರಸ್ತೆಯಲ್ಲಿ ಕುಸಿದು ಕೂತಳು. ನಾನೂ ಮೀಸೆಯೂ ಇಳಿದು ಓಡಿದೆವು.

"ಆಮೇಲೆ ಬ್ರೇಕ್ ಮುಟ್ಟಲಿಲ್ಲ ಕಣಕ್ಕಾ, ಆಣೆಗೂ" ಎಂದ ಮೀಸೆ.

"ಗೊತ್ತು ಕಣೋ. ನಾಳೆ ಮ್ಯಾನೇಜರ್ ಹತ್ರ ಹೋಗ್ತೀನಿ, ಮತ್ತೆ ತಪಾಸಣೆ ಮಾಡ್ಸಿ ಅಂತ ಕೇಳ್ತೀನಿ."

"ನಿಧಾನ ಮಾಡು ಅಂದವಳು ನಾನು ಕಣೆ" ಎಂದೆ.

"ಅದೂ ಗೊತ್ತಾಯ್ತು ಅತ್ತೆ. ಮೀಸೆಗೆ ಅಷ್ಟು ಕರುಣೆ ಎಲ್ಲಿಂದ ಬರಬೇಕು?" ಎಂದು ನಕ್ಕು ನನ್ನ ಕೈ ಹಿಡಿದು ಎದ್ದಳು. ಬೆವರಲ್ಲಿ ತೊಯ್ದು ತೊಪ್ಪೆಯಾಗಿದ್ದಳು. ನಾನು ಹಾಗೇ ತಬ್ಬಿಕೊಂಡೆ.

ಟೀಚರಮ್ಮ ಶೂ ಕೈಯಲ್ಲಿ ಹಿಡಿದು ಬಸ್ಸಿನಿಂದ ಇಳಿದು ಬಂದಳು. "ನಿಮ್ಮ ಮಗಳಾ ಅಮ್ಮಾ?" ಎಂದು ಕೇಳಿದಳು.

"ಸೊಸೆ" ಎಂದೆ, ಬಸ್ಸಿನ ಹಿಂದಿನ ಸೀಟಿನವರಿಗೂ ಕೇಳಿಸುವ ಹಾಗೆ. "ಬಸ್ ಡ್ರೈವರ್."